ಏಳನೇ ನಂಬರಿನ ಹಾಸಿಗೆ

ಮಕ್ಕಳೇ, ಹೋದ ತಿಂಗಳು ಮೆಡಿಕಲ್ ಕಾಲೇಜಿನಿಂದ ಒಂದು ಉದ್ದನೆಯ ಲಕೋಟೆ ಬಂತು. ನಿಮ್ಮ ತಾತನ ಭಾವಚಿತ್ರವನ್ನು ಅಲ್ಲಿನ ಸಭಾಂಗಣದಲ್ಲಿ ತೂಗುಹಾಕುತ್ತಾರಂತೆ. ನಾನೂ ಎರಡು ಮಾತಾಡಬೇಕಂತೆ, ಆಗುವುದಿಲ್ಲ ಎಂದು ಹೇಳಿ ಕಳಿಸಿದೆ. ಆವತ್ತು ಹಂಚುವ ಪುಸ್ತಿಕೆಗೆ ಅವರ ಜೀವನದ ಬಗ್ಗೆ ನಾಲ್ಕು ಪುಟ ಬರೆದು, ಅದರ ಕರಡನ್ನು ನನಗೆ ಕಳಿಸಿದ್ದರು. "ತಪ್ಪುಗಳಿದ್ದರೆ ದಯವಿಟ್ಟು ಗುರುತು ಮಾಡಿ" ಎಂದು ಮೇಲೊಂದು ಚೀಟಿ. ಜೊತೆಗೆ ಒಂದು ಕೆಂಪು ಪೆನ್ನು. ಏಳನೇ ಕ್ಲಾಸಿಗೇ ಹಳ್ಳಿ ಶಾಲೆ ಬಿಟ್ಟವಳು ನಾನು. ಕೆಂಪು ಪೆನ್ನು ನನ್ನ ಪುಸ್ತಕದ ಮೇಲೆ ಓಡಾಡಿದ್ದನ್ನು ನೋಡಿದ್ದೆನೇ ಹೊರತು ನನ್ನ ಕೈಗೆ ಬಂದದ್ದು ಇದೇ ಮೊದಲು.

ಕನ್ನಡಕ ಹಾಕಿಕೊಂಡು ಓದಲು ಕೂತೆ. ತಾತ ದೊಡ್ಡಬಳ್ಳಾಪುರದ ನೇಕಾರರ ಮನೆಯಲ್ಲಿ ಹುಟ್ಟಿ, ಬೀದಿ ದೀಪದ ಕೆಳಗೆ ಓದಿ, ದೊಡ್ಡ ಡಾಕ್ಟರಾಗಿ, ಕಾಲೇಜಿನ ಮೊದಲ ಪ್ರಿನ್ಸಿಪಾಲರಾದರು ಎಂದು ಶುರು ಮಾಡಿದ್ದರು. ಬೀದಿ ದೀಪದ ವಿಷಯ ನಿಜ. ಆದರೆ ನಮ್ಮತ್ತೆ ಬದುಕಿದ್ದಿದ್ದರೆ ಬರೆದವರ ಮನೆಗೇ ಜಗಳಕ್ಕೆ ಹೋಗುತ್ತಿದ್ದರು. ಮನೆಯಲ್ಲಿ ದೀಪಕ್ಕೇನೂ ಬರ ಇರಲಿಲ್ಲ, ನಾಲ್ಕು ಪವರ್‌ಲೂಮ್ ಓಡುತ್ತಿದ್ದ ಮನೆ ಅದು. ಆ ಸದ್ದಿನಲ್ಲಿ ಓದಿದ್ದು ತಲೆಗೆ ಹತ್ತದೆ ತಾತ ಬೀದಿಗೆ ಹೋಗುತ್ತಿದ್ದರು, ಅಷ್ಟೆ. ಬಡತನವಾದರೆ ಪುಸ್ತಿಕೆಯಲ್ಲಿ ಚೆಂದ ಕಾಣುತ್ತದೆ, ಸದ್ದು ಕಾಣುವುದಿಲ್ಲ. ಇರಲಿ ಎಂದು ಬಿಟ್ಟೆ.

ಎರಡನೇ ಪುಟದಲ್ಲಿ "ಮೃದುಭಾಷಿಗಳಾಗಿದ್ದರು" ಎಂದಿತ್ತು. ಇದನ್ನು ಓದಿ ನನಗೆ ನಗು ತಡೆಯಲಾಗಲಿಲ್ಲ. ಮಗ್ಗದ ಮನೆಯಲ್ಲಿ ಬೆಳೆದವರಿಗೆ ಪಿಸುಮಾತು ಬರುವುದೇ ಇಲ್ಲ. ತಾತ "ಊಟ ಆಯ್ತೇನಯ್ಯ?" ಎಂದು ಪ್ರೀತಿಯಿಂದ ಕೇಳಿದರೆ ಹುಡುಗರು ಏನೋ ಅನಾಹುತ ಮಾಡಿಬಿಟ್ಟೆವೆಂದು ನಡುಗುತ್ತಿದ್ದರು. ಮಗ್ಗದ ಸದ್ದು ಅವರ ಕಿವಿಯನ್ನೂ ಸ್ವಲ್ಪ ತಿಂದಿತ್ತು. ಬಾಗಿಲು ಬಡಿದರೆ ಕೇಳಿಸದು, ಕುಕ್ಕರ್ ಕೂಗಿದರೆ ಕೇಳಿಸದು. ಆದರೆ ಎದೆಯೊಳಗೆ ದೂರದ ಗುಡುಗಿನ ಹಾಗೆ ಗುರುಗುಟ್ಟುವ ಸದ್ದಿದೆಯಲ್ಲ, ಅದು ಮಾತ್ರ ಅವರಿಗೆ ಕೇಳಿಸಿದಷ್ಟು ಯಾರಿಗೂ ಕೇಳಿಸುತ್ತಿರಲಿಲ್ಲವಂತೆ. ಕಿವಿ ಮಂದವಾದ ಡಾಕ್ಟರೊಬ್ಬರು ಇಡೀ ಕಾಲೇಜಿಗೆ ಎದೆಯ ಸದ್ದು ಕೇಳಿಸಿಕೊಳ್ಳುವುದನ್ನು ಕಲಿಸಿದರು. ಇದನ್ನು ಯಾರೂ ಬರೆದಿರಲಿಲ್ಲ.

ಇನ್ನೊಂದು ವಿಷಯವನ್ನೂ ಬರೆದಿರಲಿಲ್ಲ. ಮಗ್ಗದ ಮನೆಯಲ್ಲಿ ಕಿವಿಗೆ ಬೆಲೆಯಿಲ್ಲ. ನಾಲ್ಕು ಮಗ್ಗ ಒಟ್ಟಿಗೆ ಬಡಿಯುವಾಗ ಯಾವುದರಲ್ಲಿ ತೊಂದರೆ ಇದೆ ಎಂದು ತಿಳಿಯಲು ಮಗ್ಗದ ಚೌಕಟ್ಟಿನ ಮೇಲೆ ಅಂಗೈ ಊರಿ ನೋಡುತ್ತಾರೆ. ಕೈಗೆ ಬರುವ ಅದುರಿನಲ್ಲೇ ಗೊತ್ತಾಗುತ್ತದೆ. ತಾತ ರೋಗಿಯ ಎದೆಯನ್ನು ನೋಡುತ್ತಿದ್ದದ್ದೂ ಹಾಗೆಯೇ. ಮೊದಲು ಅಂಗೈ, ಕಣ್ಣು ಮುಚ್ಚಿಕೊಂಡು. ಸ್ಟೆತಾಸ್ಕೋಪಿನ ಕೊಳವೆ ಕಿವಿಗೆ ಹೋಗುತ್ತಿದ್ದದ್ದು ಆಮೇಲೆ.

ಮೂರನೇ ಪುಟಕ್ಕೆ ಬಂದೆ. ಅಲ್ಲಿತ್ತು ಆ ಸಾಲು. "ತಮ್ಮ ಸೇವಾವಧಿಯಲ್ಲಿ ಅನರ್ಹನಾದ ಒಬ್ಬನೇ ಒಬ್ಬ ವಿದ್ಯಾರ್ಥಿಯನ್ನೂ ಅವರು ಪಾಸು ಮಾಡಲಿಲ್ಲ."

ಓದಿ ನನ್ನ ಕೈ ನಿಂತಿತು. ಯಾಕೆಂದರೆ ಒಬ್ಬನನ್ನು ಮಾಡಿದ್ದರು. ಮಾಡಿದ್ದರು ಅನ್ನುವುದಕ್ಕಿಂತ, ನಾನು ಮಾಡಿಸಿದ್ದೆ. ಕೊನೆಯ ಪುಟ ತಿರುಗಿಸಿ ಕೆಳಗೆ ಸಹಿ ನೋಡಿದೆ. ಡಾಕ್ಟರ್ ಚನ್ನಕೇಶವ, ಈಗಿನ ಪ್ರಿನ್ಸಿಪಾಲರು. ಆ ಒಬ್ಬ ಇವನೇ.

ಗೆರೆ ಎಳೆದರೆ ಯಾಕೆಂದು ಹೇಳಬೇಕು. ಹೇಳಿದರೆ ದೊಡ್ಡ ಹುದ್ದೆಯಲ್ಲಿ ಕೂತವನ ಮಾನ ಹೋಗುತ್ತದೆ. ಎಳೆಯದಿದ್ದರೆ ಜೀವಮಾನವಿಡೀ ಸುಳ್ಳನ್ನು ಮನೆಯೊಳಗೆ ಬಿಟ್ಟುಕೊಳ್ಳದ ಮನುಷ್ಯನ ಚಿತ್ರದ ಕೆಳಗೆ, ಅವರ ಹೆಂಡತಿಯೇ ಓದಿ ಒಪ್ಪಿದ ಸುಳ್ಳು ಕೂರುತ್ತದೆ. ಎರಡು ದಿನ ಆ ಕರಡನ್ನು ಅಕ್ಕಿ ಡಬ್ಬದ ಮೇಲೆ ಇಟ್ಟು ಓಡಾಡಿದೆ.

ಏನಾಯಿತೆಂದು ನಿಮಗೆ ಹೇಳಬೇಕಾದರೆ ನನ್ನ ಎದೆಯ ಕತೆ ಹೇಳಬೇಕು. ಚಿಕ್ಕವಳಿದ್ದಾಗ ನನಗೆ ಕೀಲುನೋವಿನ ಜ್ವರ ಬಂದು ಹೃದಯದ ಒಂದು ಬಾಗಿಲು ಕಿರಿದಾಗಿದೆ. ಪ್ರಾಣಕ್ಕೇನೂ ಮೋಸ ಇಲ್ಲ, ಮೂರು ಹೆತ್ತು ನಿಮ್ಮನ್ನೂ ಎತ್ತಿ ಆಡಿಸಿದ್ದೇನೆ. ಆದರೆ ಮದುವೆಯಾಗುವ ತನಕ ಅದು ಯಾರಿಗೂ ಗೊತ್ತಿರಲಿಲ್ಲ. ಮದುವೆಯಾದ ವಾರ, ಕೊಡ ಹೊತ್ತು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಕೂತಿದ್ದೆ. ತಾತ ಬಂದವರೇ ಮಾತಿಲ್ಲದೆ ಎದೆಯ ಮೇಲೆ ಅಂಗೈ ಇಟ್ಟರು. ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು. ಅವರು ಕಣ್ಣು ಮುಚ್ಚಿ, "ಎಡಕ್ಕೆ ಹೊರಳಿ ಮಲಕ್ಕೋ, ಉಸಿರು ಬಿಟ್ಟು ಹಿಡ್ಕೋ" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದರು. ಓದಿದವರು ಹೆಂಡತಿಯನ್ನು ಮಾತಾಡಿಸುವುದು ಹೀಗೇ ಇರಬೇಕು ಎಂದುಕೊಂಡು ಹೊರಳಿದೆ. ಈ ನಾಲ್ಕು ಸಾಲನ್ನು ನಿಮ್ಮಮ್ಮನಿಗೆ ತೋರಿಸಬೇಡಿ.

ಆಮೇಲೆ ನನಗೆ ತಿಳಿಯುವ ಹಾಗೆ ವಿವರಿಸಿದರು. "ನೋಡು, ಮಗ್ಗದಲ್ಲಿ ನೂಲು ಹೊತ್ಕೊಂಡು ಆಕಡೆ ಈಕಡೆ ಓಡುತ್ತಲ್ಲ ಲಾಳಿ, ಅದಕ್ಕೆ ದಾರಿ ಅಗಲ ಇರ್ಬೇಕು. ನಿನ್ನೆದೇಲಿ ದಾರಿ ಸಣ್ಣಗಾಗಿದೆ. ಲಾಳಿ ಉಜ್ಕೊಂಡು ಹೋದಂಗೆ ರಕ್ತ ಉಜ್ಕೊಂಡು ಹೋಗ್ತಿದೆ. ಅದೇ ಸದ್ದು." ನಾನೂ ಮಗ್ಗದ ಮನೆಯವಳೇ ಆದ್ದರಿಂದ ಒಂದೇ ಸಲಕ್ಕೆ ಅರ್ಥವಾಯಿತು.

ಅವರು ಪ್ರಿನ್ಸಿಪಾಲರಾದ ಮೇಲೆ ನೆಲಮಂಗಲದ ಕಡೆ, ಹೈವೇ ಪಕ್ಕದ ಕಾಲೇಜು ಕ್ವಾರ್ಟರ್ಸಿನಲ್ಲಿದ್ದೆವು. ಡಾಕ್ಟರ್ ಓದುವವರ ಕೊನೆಯ ಪರೀಕ್ಷೆಯಲ್ಲಿ ಕಾಗದದ ಜೊತೆಗೆ ನಿಜವಾದ ರೋಗಿಗಳನ್ನೂ ಕೊಡುತ್ತಾರೆ, ಗೊತ್ತಾ? ಹಾಸಿಗೆಯ ಮೇಲೆ ಒಬ್ಬರನ್ನು ಮಲಗಿಸಿ, ಏನು ಕಾಯಿಲೆ ಎಂದು ಹುಡುಗರೇ ಕಂಡುಹಿಡಿಯಬೇಕು. ಒಂದು ವರ್ಷ ಪರೀಕ್ಷೆಯ ದಿನ ಬೆಳಿಗ್ಗೆ, ಎದೆಯ ದೋಷವಿದ್ದ ರೋಗಿ ನಾಟಿ ಇದೆ ಎಂದು ಹೇಳದೆ ಕೇಳದೆ ಊರಿಗೆ ಹೋಗಿಬಿಟ್ಟ. ಹೊರಗಿನ ಊರಿಂದ ಬಂದ ಪರೀಕ್ಷಕರು ಕಾಫಿ ಕುಡಿಯುತ್ತಾ ಕೂತಿದ್ದಾರೆ. ಮನೆಗೆ ಫೋನು ಬಂತು.

"ಒಂದು ಹಳೇ ಸೀರೆ ಉಟ್ಕೊಂಡು ಆಸ್ಪತ್ರೆಗೆ ಬಾ. ಬಳೆ ಬಿಚ್ಚಿಟ್ಟು ಬಾ."

ಯಾರೋ ಹೋದರು ಎಂದು ಅಳುತ್ತಲೇ ಹೋದೆ. ಏಳನೇ ನಂಬರಿನ ಹಾಸಿಗೆಯ ಮೇಲೆ ಮಲಗಿಸಿದರು. ಕಾಲ ಬಳಿ ಚೀಟಿ ಕಟ್ಟಿದರು: ಲಕ್ಷ್ಮಮ್ಮ, ಹೊಸಕೋಟೆ ತಾಲ್ಲೂಕು. ನಾನು ಲಕ್ಷ್ಮಮ್ಮನೂ ಅಲ್ಲ, ಹೊಸಕೋಟೆಯವಳೂ ಅಲ್ಲ. ಪರೀಕ್ಷೆಗೆ ಬೇಕಾದ ಸುಳ್ಳನ್ನು ತಾತ ಸುಳ್ಳೆಂದು ಲೆಕ್ಕ ಹಿಡಿಯುತ್ತಿರಲಿಲ್ಲ. ಈಗಿನ ಕಾಲವಾಗಿದ್ದರೆ ಪ್ರಿನ್ಸಿಪಾಲರ ಹೆಂಡತಿಯೇ ರೋಗಿ ಎಂದು ಪೇಪರಿನಲ್ಲಿ ಬರುತ್ತಿತ್ತು. ಆಗ ತಾತನಿಗೂ ದೊಡ್ಡ ನರ್ಸಮ್ಮನಿಗೂ ಬಿಟ್ಟು ಯಾರಿಗೂ ತಿಳಿಯಲಿಲ್ಲ. ನನ್ನ ಎದೆ ಪರೀಕ್ಷಕರಿಗೆ ಎಷ್ಟು ಮೆಚ್ಚುಗೆಯಾಯಿತೆಂದರೆ "ಒಳ್ಳೇ ಕೇಸು, ಮುಂದಿನ ವರ್ಷವೂ ಈಯಮ್ಮನ್ನ ಕರೆಸಿ" ಎಂದು ಹೇಳಿ ಹೋದರು. ಹಾಗಾಗಿ ವರ್ಷಾವರ್ಷ ಹೋಗತೊಡಗಿದೆ.

ನೆಂಟರ ಮುಂದೆ ಬರಲೂ ನಾಚಿ ಅಡುಗೆಮನೆ ಬಾಗಿಲ ಹಿಂದೆ ನಿಲ್ಲುತ್ತಿದ್ದವಳು ನಾನು. ಅಲ್ಲಿ ಮಾತ್ರ ಬೇರೆ ಹೆಸರಿನಲ್ಲಿ ಮಲಗಿರುವುದು ಒಂಥರಾ ಸಲೀಸಾಗಿತ್ತು. ಹುಡುಗರು ಮನೆತನದ ವಿಚಾರವನ್ನೆಲ್ಲ ಕೇಳಬೇಕಿತ್ತು.

"ಯಜಮಾನ್ರು ಕುಡೀತಾರೇನಮ್ಮ?"

"ಕಾಫಿ ಜಾಸ್ತಿ."

"ಸಿಟ್ಟು ಗಿಟ್ಟು ಮಾಡ್ತಾರಾ? ಹೊಡೀತಾರಾ?"

"ಇಲ್ಲಪ್ಪ. ಕಿರಿಚ್ತಾರೆ."

ಪರದೆಯ ಆಚೆ ಯಜಮಾನರು ಕೆಮ್ಮಿದ್ದು ಕೇಳಿಸುತ್ತಿತ್ತು. ಹುಡುಗ "ಮಾನಸಿಕ ಒತ್ತಡ ಇದೆ" ಎಂದು ಬರೆದುಕೊಳ್ಳುತ್ತಿದ್ದ.

ನಾಲ್ಕೈದು ವರ್ಷದಲ್ಲಿ ನನಗೂ ಸ್ವಲ್ಪ ವಿದ್ಯೆ ಬಂತು. ಬಂದವನು ಅಂಗೈಯಿಟ್ಟು ನೋಡಿ "ಎಡಕ್ಕೆ ಹೊರಳಿ ಅಮ್ಮ" ಎಂದರೆ ಇವನು ಪಾಸು ಎಂದುಕೊಳ್ಳುತ್ತಿದ್ದೆ. ನನ್ನ ಎದೆಯ ಸದ್ದು ಎಡಕ್ಕೆ ಹೊರಳಿದರೆ ಮಾತ್ರ ಕೇಳುವಂಥದ್ದು. ನೆಟ್ಟಗೆ ಮಲಗಿಸಿಕೊಂಡೇ ಅರ್ಧ ಗಂಟೆ ಕೊಳವೆ ಆಡಿಸುವವರನ್ನು ಕಂಡರೆ ಅಯ್ಯೋ ಅನ್ನಿಸುತ್ತಿತ್ತು. ಅಂಥವರು ಕೊನೆಗೆ ಒಂದು ಪ್ರಶ್ನೆ ಕೇಳುತ್ತಾರೆ. ಎಲ್ಲ ಕಾಲೇಜಿನ ಎಲ್ಲ ಹುಡುಗರೂ ಕೇಳುವ ಪ್ರಶ್ನೆಯಂತೆ ಅದು. ಬಾಗಿ, ಮೆಲ್ಲಗೆ, "ಅಮ್ಮಾ, ದೊಡ್ಡ ಡಾಕ್ಟ್ರು ನಿಮ್ಗೆ ಏನು ಕಾಯಿಲೆ ಅಂದ್ರು?" ಕೆಲವು ರೋಗಿಗಳು ಹೇಳಿಬಿಡುತ್ತಾರೆ. ನನಗೆ ತಾತನ ಕಟ್ಟಪ್ಪಣೆ ಇತ್ತು, "ಬಾಯಿ ಬಿಟ್ಟರೆ ನೀನು ಅವನ ಮುಂದಿನ ರೋಗೀನ ಕೊಂದಂಗೆ." ನಾನು ಗೊತ್ತಿಲ್ಲಪ್ಪ, ಗೊತ್ತಿಲ್ಲಪ್ಪ ಎನ್ನುತ್ತಿದ್ದೆ.

ಆ ವರ್ಷ ಬಂದವನು ಚನ್ನಕೇಶವ. ಅರಿಶಿನಕುಂಟೆಯ ಹುಡುಗ, ಅಪ್ಪನಿಗೆ ಹೈವೇಯಲ್ಲಿ ಲಾರಿ ಟೈರಿನ ಪಂಕ್ಚರ್ ಅಂಗಡಿ. ಇದನ್ನೆಲ್ಲ ಅವನೇ ಹೇಳಿದ. ರೋಗಿಯ ಚರಿತ್ರೆ ಕೇಳುವ ಬದಲು ತನ್ನ ಚರಿತ್ರೆ ಹೇಳಿದ ವಿದ್ಯಾರ್ಥಿ ಅವನೊಬ್ಬನೇ. ಕೈ ಐಸಿನಂತಿತ್ತು. ಅದನ್ನು ಉಜ್ಜಿ ಬಿಸಿ ಮಾಡಿಕೊಂಡು, "ತಣ್ಣಗಿದೆಯಾ ಅಮ್ಮ, ಒಂದ್ನಿಮಿಷ ತಡೀರಿ" ಎಂದ. ಹೊದಿಕೆಯನ್ನು ಮರ್ಯಾದೆಯಿಂದ ಸರಿಮಾಡಿದ. ಆದರೆ ಎಡಕ್ಕೆ ಹೊರಳಿ ಎನ್ನಲಿಲ್ಲ. ನಾನು ಮನಸ್ಸಿನಲ್ಲೇ ಹೇಳೋ, ಹೇಳೋ ಎನ್ನುತ್ತಿದ್ದೆ. ಅವನಿಗೆ ಬೆವರು ಇಳಿಯತೊಡಗಿತು. ಗಂಟೆ ಬಾರಿಸಲು ಇನ್ನೈದು ನಿಮಿಷ. ಬಾಗಿ ಕೇಳಿದ, "ಅಮ್ಮಾ, ಏನಂದ್ರು ಡಾಕ್ಟ್ರು?"

ನನ್ನ ಬಾಯಿ ತಾನಾಗಿ ತೆರೆಯಿತು. "ಎಡಗಡೆ ಬಾಗಿಲು ಸಣ್ಣಗಾಗಿದೆಯಂತಪ್ಪ. ಲಾಳಿ ಉಜ್ಕೊಂಡು ಹೋದಂಗೆ ಸದ್ದು ಬರ್ತದಂತೆ."

ಅವನು ಕೈ ಮುಗಿದು ಹೋದ. ನನಗೆ ಅಂದು ಊಟ ಸೇರಲಿಲ್ಲ. ತಾತ ಮನೆಗೆ ಬಂದು ಎಂದಿನಂತೆ ಉಂಡರು, ಎಂದಿನಂತೆ ಕಿರಿಚಿದರು. ಏನೂ ತಿಳಿದಿಲ್ಲ ಎಂದು ಸಮಾಧಾನವಾಯಿತು. ಕೆಲವು ತಿಂಗಳು ಕಳೆದು ಚನ್ನಕೇಶವ ಮೈಸೂರು ಪಾಕಿನ ಡಬ್ಬ ಹಿಡಿದು ಮನೆಗೆ ಬಂದ. ಕಾಫಿ ತಂದವಳನ್ನು ನೋಡಿ ಗಾಬರಿಯಾಗಬಹುದೆಂದು ನಾನು ಹೆದರಿದ್ದೆ. ಆಗಲಿಲ್ಲ. "ಪಾಸಾದೆ ಅಮ್ಮ" ಎಂದು ಕಾಲಿಗೆ ಬಿದ್ದ. ತಾತ ಎರಡು ತುಂಡು ತಿಂದು "ತುಪ್ಪ ಕಮ್ಮಿ" ಎಂದರು. ಮುಂದಿನ ವರ್ಷದಿಂದ ನನ್ನನ್ನು ಪರೀಕ್ಷೆಗೆ ಕರೆಯಲಿಲ್ಲ. "ನಿನಗೆ ಆಯಾಸ ಆಗುತ್ತೆ" ಎಂದರು. ನನ್ನ ಮೇಲೆ ಇಷ್ಟು ಕಾಳಜಿಯೇ ಎಂದು ನಾಲ್ಕು ದಿನ ಹಿಗ್ಗಿದ್ದೆ.

ಅಲ್ಲಿಂದ ಮೂವತ್ತು ವರ್ಷ ನಾನು ಅವರ ಜೊತೆ ಬಾಳಿದೆ. ಹೇಳಬೇಕೆಂದು ಎಷ್ಟೋ ಸಲ ಬಾಯಿಗೆ ಬಂದು ಹಿಂದೆ ಹೋಯಿತು. ಚನ್ನಕೇಶವ ಎದೆಯ ಡಾಕ್ಟರಾದ ಎಂದು ಕೇಳಿದಾಗ ನನಗೆ ನಿದ್ದೆ ಬರಲಿಲ್ಲ. ಕೇಳಿಸದವನನ್ನು ಕೇಳಿಸುವ ಕೆಲಸಕ್ಕೆ ಕಳಿಸಿದ್ದೇನಲ್ಲ, ಅವನ ಕೈಯಲ್ಲಿ ಯಾರು ಯಾರು ಏನಾದರೋ ಎಂದು ದೇವರ ಮುಂದೆ ಒಂದು ದೀಪ ಜಾಸ್ತಿ ಹಚ್ಚುತ್ತಿದ್ದೆ. ತಾತ ಹೋಗುವ ಹಿಂದಿನ ವಾರವೂ ಹೇಳಲಿಲ್ಲ. ಈಗ ಹೇಳಿಕೊಳ್ಳಲು ಅವರಿಲ್ಲ, ಅವರ ಬಗ್ಗೆ ಈ ಸಾಲು ಇದೆ.

ಮೂರನೇ ದಿನ ಕರಡನ್ನು ಚೀಲಕ್ಕೆ ಹಾಕಿಕೊಂಡು ದೊಡ್ಡಬಳ್ಳಾಪುರದಲ್ಲಿ ನೆಲಮಂಗಲದ ಬಸ್ಸು ಹತ್ತಿದೆ. ಅಲ್ಲಿಂದ ಆಟೋ. ಎರಡೂ ಕಡೆ ಗೋದಾಮು, ಲಾರಿಗಳ ಸಾಲು. ಪ್ರಿನ್ಸಿಪಾಲರ ಕೋಣೆಯಲ್ಲಿ ಚನ್ನಕೇಶವ ಎದ್ದು ನಿಂತ. ಅವನಿಗೂ ತಲೆ ನೆರೆತಿದೆ.

"ಅಮ್ಮಾ, ಈ ಬಿಸಿಲಲ್ಲಿ ನೀವ್ಯಾಕೆ ಬರೋಕೆ ಹೋದ್ರಿ? ಒಂದು ಫೋನ್ ಮಾಡಿದ್ರೆ ನಾನೇ ಬರ್ತಿರ್ಲಿಲ್ವಾ?"

"ಒಂದು ತಿದ್ದುಪಡಿ ಇದೆಯಪ್ಪ" ಎಂದು ಆ ಪುಟ ಮುಂದಿಟ್ಟೆ.

ಓದಿದ. "ಇದ್ರಲ್ಲೇನು ತಪ್ಪಿದೆಯಮ್ಮ?"

"ಒಬ್ಬನ್ನ ಪಾಸ್ ಮಾಡಿದ್ರು. ಅವರ ತಪ್ಪಲ್ಲ ಅದು. ಏಳನೇ ನಂಬರ್ ಹಾಸಿಗೇಲಿದ್ದೋಳು ಹೇಳ್ಕೊಟ್ಟಿದ್ಲು." ಕೆಂಪು ಪೆನ್ನನ್ನು ಪುಟದ ಮೇಲೆ ಇಟ್ಟೆ. "ನಿನ್ನ ಮಾನ ತೆಗೆಯೋಕೆ ಬಂದಿಲ್ಲಪ್ಪ. ಆ ಸಾಲು ಮಾತ್ರ ತೆಗೆದುಬಿಡು. ಅವರಿಗೆ ಸುಳ್ಳು ಆಗ್ತಿರ್ಲಿಲ್ಲ."

ಚನ್ನಕೇಶವ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದ. ಆಮೇಲೆ ಮೇಜಿನ ಮೇಲೆ ತಲೆಯಿಟ್ಟು ನಗತೊಡಗಿದ. ನನಗೆ ಸಿಟ್ಟು ಬಂತು.

"ಅಮ್ಮಾ, ತಪ್ಪು ತಿಳೀಬೇಡಿ" ಎಂದು ಕಣ್ಣೊರೆಸಿಕೊಂಡ. "ಆವತ್ತು ನಾನು ಫೇಲಾದೆ."

"ಏನಂದೆ?"

"ಫೇಲು. ನೀವು ಹೇಳಿದ್ದನ್ನೇ ಹೇಳಿ ಫೇಲಾದೆ. ಕಾಯಿಲೆ ಹೆಸರು ಸರಿಯಾಗೇ ಹೇಳ್ದೆ, ಹೊರಗಿಂದ ಬಂದಿದ್ದ ಪರೀಕ್ಷಕರು ಭೇಷ್ ಅಂದ್ರು. ಸದ್ದು ಹೆಂಗಿತ್ತು ಅಂತ ಕೇಳಿದ್ರು. ಲಾಳಿ ಉಜ್ಕೊಂಡು ಹೋದಂಗಿತ್ತು ಅಂದೆ. ಅವರು ಇನ್ನೂ ಖುಷಿಯಾದ್ರು. ಆದ್ರೆ ಸರ್ ಮುಖ ನೋಡ್ಬೇಕಿತ್ತು ನೀವು. 'ಲಾಳಿ ನೋಡಿದ್ದೀಯೇನಯ್ಯ?' ಅಂದ್ರು. ಪಂಕ್ಚರ್ ಅಂಗಡಿಯವನ ಮಗ ನಾನು, ಟೈರ್ ನೋಡಿದ್ದೀನಿ, ಲಾಳಿ ಎಲ್ಲಿ ನೋಡ್ಲಿ? 'ಇಲ್ಲ ಸರ್' ಅಂದೆ. 'ರೋಗಿ ಹತ್ರ ಕರ್ಕೊಂಡೋಗಿ ಆ ಸದ್ದು ತೋರ್ಸು' ಅಂದ್ರು. ಬಂದೆ. ಕೊಳವೆ ಎಲ್ಲೆಲ್ಲೋ ಇಟ್ಟೆ. ನಿಮಗೆ ಜ್ಞಾಪಕ ಇಲ್ವಾ?"

ಜ್ಞಾಪಕ ಬಂತು. ಅವರೆಲ್ಲ ಬಂದಾಗ ನಾನು ಹೆದರಿ ಕಣ್ಣು ಮುಚ್ಚಿಕೊಂಡಿದ್ದೆ. ಇಂಗ್ಲಿಷಿನಲ್ಲಿ ಏನೋ ಮಾತಾಡಿಕೊಂಡು ಹೋಗಿದ್ದರು.

"ನೀವು ಒಂದು ಮಾತೂ ಆಡದೆ ಸುಮ್ಮನೆ ಎಡಕ್ಕೆ ಹೊರಳಿದ್ದಿದ್ರೆ ಸಾಕಿತ್ತು ಕಣಮ್ಮ, ನಾನು ಪಾಸಾಗ್ತಿದ್ದೆ" ಎಂದು ಮತ್ತೆ ನಕ್ಕ.

ಆರು ತಿಂಗಳು ಬಿಟ್ಟು ಇನ್ನೊಂದು ಪರೀಕ್ಷೆ ಇತ್ತಂತೆ. ಅಲ್ಲಿಯವರೆಗೆ ಪ್ರತಿ ಭಾನುವಾರ ತಾತ ಅವನನ್ನು ದೊಡ್ಡಬಳ್ಳಾಪುರಕ್ಕೆ, ನಮ್ಮ ಭಾವನವರ ಮಗ್ಗದ ಮನೆಗೆ ಕರೆದುಕೊಂಡು ಹೋಗಿ, ಚೌಕಟ್ಟಿನ ಮೇಲೆ ಅಂಗೈ ಇಡಿಸಿ ನಿಲ್ಲಿಸುತ್ತಿದ್ದರಂತೆ. ಯಾವ ಮಗ್ಗದ ಲಾಳಿ ಉಜ್ಜುತ್ತಿದೆ ಎಂದು ಕಣ್ಣು ಮುಚ್ಚಿ ಹೇಳಬೇಕು. ಹೇಳಲು ಬಂದ ಮೇಲೆ ವಾರ್ಡಿಗೆ, ರೋಗಿಗಳ ಹತ್ತಿರ. ಆ ಭಾನುವಾರಗಳಲ್ಲಿ ಅಣ್ಣತಮ್ಮಂದಿರು ಮನೆ ಪಾಲಿನ ಮಾತಾಡುತ್ತಿದ್ದಾರೆ ಎಂದು ನಾನು ಅಂದುಕೊಂಡಿದ್ದೆ. ಅವನು ಪಾಸಾದದ್ದು ಬೇರೆ ಯಾರದೋ ಎದೆಯಿಂದ. ಮೈಸೂರು ಪಾಕು ಆಗಿನದು.

"ಹಂಗಾದ್ರೆ ಅವರಿಗೆ ಎಲ್ಲಾ ಗೊತ್ತಿತ್ತು" ಎಂದೆ. "ಮೂವತ್ತು ವರ್ಷ ನನಗ್ಯಾಕೆ ಹೇಳ್ಲಿಲ್ಲ?"

ಚನ್ನಕೇಶವನ ನಗು ನಿಂತಿತು. "ಆ ರೋಗಿ ನೀವೇ ಅಂತ ಮಗ್ಗದ ಮನೇಲಿ ಸರ್ರೇ ಹೇಳಿದ್ರು. ನಾನೂ ಕೇಳ್ದೆ ಅಮ್ಮ. ಸ್ವೀಟ್ ಕೊಡಕ್ಕೆ ಮನೆಗೆ ಬರೋ ಮುಂಚೆ. ಸರ್ ಏನಂದ್ರು ಗೊತ್ತಾ? 'ನಮ್ಮವಳು ನೆಂಟರ ಮುಂದೇನೂ ಬಾಯಿ ಬಿಡೋಳಲ್ಲ ಕಣಯ್ಯ. ಜೀವಮಾನಕ್ಕೆ ಒಂದ್ಸಲ, ಗುರುತಿಲ್ಲದೋನಿಗೆ ಒಳ್ಳೇದಾಗ್ಲಿ ಅಂತ ಬಾಯಿ ಬಿಟ್ಟಿದ್ದಾಳೆ. ಅದರಿಂದ್ಲೇ ನೀನು ಫೇಲಾದೆ ಅಂತ ತಿಳಿದ್ರೆ ಇನ್ನು ನನ್ನ ಹತ್ರಾನೂ ಮಾತಾಡಲ್ಲ. ಪಾಸಾದ ಅಂತ್ಲೇ ಇರ್ಲಿ ಅವಳಿಗೆ' ಅಂದು ನನ್ನ ಕೈಲಿ ಆಣೆ ಹಾಕಿಸ್ಕೊಂಡ್ರು. ಈಗ ನೀವಾಗೇ ಬಂದು ಕೇಳಿದ್ರಿ, ಮುರಿದೆ."

 ನಾನು ಅವರಿಗೆ ತಿಳಿಯಬಾರದೆಂದು ಬಚ್ಚಿಟ್ಟೆ, ಅವರು ನನಗೆ ತಿಳಿಯಬಾರದೆಂದು ಬಚ್ಚಿಟ್ಟರು. ಇಬ್ಬರೂ ಎದುರುಬದುರು ಕೂತು ಮೂವತ್ತು ವರ್ಷ ಸಾರು ಬಡಿಸಿಕೊಂಡೆವು. ನನ್ನ ಮೇಲೆ ಕಾಳಜಿಯಿಂದ ಪರೀಕ್ಷೆಗೆ ಕರೆಯದೆ ಬಿಟ್ಟರು ಎಂದು ಹಿಗ್ಗಿದ್ದೆನಲ್ಲ, ನನ್ನನ್ನು ಕೆಲಸದಿಂದಲೇ ತೆಗೆದಿದ್ದರು! ಆ ಕಡೆ ಪುಸ್ತಿಕೆಯ ಸಾಲು ಸುಳ್ಳಲ್ಲ, ಅಪ್ಪಟ ಸತ್ಯ. ಅದು ಸತ್ಯವಾಗಿರಲು ನಾನೂ ಕೈಲಾದ ಸಹಾಯ ಮಾಡಿದ್ದೆ.

"ಸಾಲು ತೆಗೀಲಾ ಅಮ್ಮ?" ಎಂದ.

"ಇರ್ಲಿ ಬಿಡಪ್ಪ" ಎಂದೆ. ಆಮೇಲೆ ನನಗೇ ಆಶ್ಚರ್ಯವಾಗುವ ಹಾಗೆ, "ಚಿತ್ರ ಹಾಕೋ ದಿನ ಎರಡು ಮಾತಾಡಿ ಅಂತ ಹೇಳಿ ಕಳಿಸಿದ್ರಲ್ಲ, ಆಗಲ್ಲ ಅಂದಿದ್ದೆ. ಆಡ್ತೀನಿ" ಎಂದೆ. "ನೀನು ಫೇಲಾಗಿದ್ದು ಹೇಳಲ್ಲ, ಹೆದರ್ಬೇಡ."

"ಅದನ್ನೇ ಹೇಳಿ. ನಾನು ಹೇಳಿದ್ರೆ ವಿನಯ ಅಂದ್ಕೋತಾರೆ. ನೀವು ಹೇಳಿದ್ರೆ ನಂಬ್ತಾರೆ."

ಸಮಾರಂಭಕ್ಕೆ ನಿಮಗೆ ಯಾರಿಗೂ ಬರಲಾಗಲಿಲ್ಲ, ಪರೀಕ್ಷೆ ಇತ್ತು. ಅದಕ್ಕೇ ಬರೆಯುತ್ತಿದ್ದೇನೆ. ಚಿತ್ರದಲ್ಲಿ ತಾತ ಮೃದುಭಾಷಿಯ ಹಾಗೇ ಕಾಣುತ್ತಿದ್ದರು, ಚಿತ್ರಕಾರನಿಗೂ ಪುಸ್ತಿಕೆ ಕೊಟ್ಟಿದ್ದರೇನೋ. ನನ್ನ ಹೆಸರು ಕರೆದರು, ಎದ್ದು ಹೋದೆ. ಮೈಕು ನನ್ನ ತಲೆಗಿಂತ ಮೇಲಿತ್ತು, ಒಬ್ಬರು ಬಂದು ಇಳಿಸಿದರು. ಅವರಿಗೆ ಥ್ಯಾಂಕ್ಸ್ ಹೇಳಿದ್ದೇ ನನ್ನ ಭಾಷಣದ ಮೊದಲ ವಾಕ್ಯ, ಅದೂ ಮೈಕಿನಲ್ಲೇ. ಆಮೇಲೆ ಬರೆದುಕೊಂಡು ಹೋಗಿದ್ದ ಚೀಟಿ ತೆರೆಯಲಿಲ್ಲ. ಏಳನೇ ನಂಬರಿನ ಹಾಸಿಗೆಯನ್ನು ಹೇಳಿದೆ, ಲಾಳಿಯನ್ನು ಹೇಳಿದೆ. "ಈ ನಿಮ್ಮ ಪ್ರಿನ್ಸಿಪಾಲರು ನನ್ನ ಬಾಯಿಂದ ಫೇಲಾದವರು. ರೋಗಿ ಹೇಳಿಕೊಟ್ಟರೆ ಮೋಸಹೋಗಬೇಡಿ. ಹೊರಳಿ ಅಂತ ಕೇಳಿ, ಹೊರಳ್ತೀವಿ" ಎಂದೆ. ಬಿಳಿ ಕೋಟಿನ ಮಕ್ಕಳೆಲ್ಲ ಬೆಂಚು ಬಡಿದು ನಕ್ಕರು. ಚನ್ನಕೇಶವ ಎಲ್ಲರಿಗಿಂತ ಜೋರಾಗಿ ನಕ್ಕ.

ಬಂದು ಕೂತಾಗ ಎದೆ ಹೊಡೆದುಕೊಳ್ಳುತ್ತಿತ್ತು. ಎಲ್ಲ ಸೇರಿ ಮೂರು ನಿಮಿಷ ಆಗಿರಬೇಕು. ಹೊರಗಿನವರ ಮುಂದೆ ನಾನು ಬಾಯಿ ಬಿಟ್ಟದ್ದು ಜೀವಮಾನಕ್ಕೆ ಇದು ಎರಡನೇ ಸಲ. ಈ ಸಲ ಯಾರೂ ಫೇಲಾಗಲಿಲ್ಲ.